ಗುರು ಗ್ರೆಗರ್ ಮೆಂಡೆಲ್: ತೋಟದಲ್ಲಿ ಅರಳಿದ ವಿಜ್ಞಾನಿ

ಪ್ರತಿಯೊಂದು ಮಗುವೂ ದೇವರಿಂದ ತನ್ನದೇ ಆದ ಒಂದು ಒಲವನ್ನು ಪಡೆದು ಬರುತ್ತದೆ. ಗಿಡ, ಹಕ್ಕಿ, ಕೀಟಗಳ ಹಿಂದೆ ಅಲೆಯುವ ಮಗುವನ್ನು ಕಂಡಾಗ ಅದು ಕಾಲಹರಣವೆಂದು ನಾವು ಗದರುವುದುಂಟು. ಆ ಒಲವನ್ನು ಹಿರಿಯರು ಗುರುತಿಸಿ ಪೋಷಿಸಿದರೆ ಏನಾಗಬಲ್ಲದೆಂಬುದಕ್ಕೆ ಅನುವಂಶೀಯತಾ ಶಾಸ್ತ್ರದ ಜನಕರೆನಿಸಿದ ಗುರು ಗ್ರೆಗರ್ ಮೆಂಡೆಲರ ಜೀವನವೇ ನಿದರ್ಶನ.

1822ರ ಜುಲೈ ತಿಂಗಳಲ್ಲಿ, ಇಂದು ಚೆಕ್ ಗಣರಾಜ್ಯಕ್ಕೆ ಸೇರಿರುವ ಹಿನ್‌ಚಿತ್ಸೆ ಎಂಬ ಪುಟ್ಟ ಗ್ರಾಮದಲ್ಲಿ ಅವರು ಜನಿಸಿದರು. ಜ್ಞಾನಸ್ನಾನದ ಹೆಸರು ಯೊಹಾನ್. ತಂದೆ ಆಂಟನ್ ಬಡ ರೈತರು. ವಾರದಲ್ಲಿ ಮೂರು ದಿನ ಜಮೀನ್ದಾರರಿಗೆ ಬಿಟ್ಟಿ ದುಡಿಮೆ. ಉಳಿದ ವೇಳೆಯಲ್ಲಿ ಹಣ್ಣಿನ ತೋಟ ಮತ್ತು ಜೇನಿನ ಆರೈಕೆ. ಈ ಕೆಲಸಗಳಲ್ಲಿ ತಂದೆಗೆ ನೆರವಾಗುತ್ತಲೇ ಬಾಲಕನು ಗಿಡಮರಗಳ ಸ್ವಭಾವವನ್ನು ಅರಿತನು. ಅಲ್ಲಿನ ಧರ್ಮಕೇಂದ್ರದ ಗುರು ಶ್ರೈಬರ್ ಅವರು ಹಣ್ಣಿನ ಬೇಸಾಯದಲ್ಲಿ ನಿಪುಣರು. ಭಕ್ತಾದಿಗಳಿಗೆ ಉತ್ತಮ ತಳಿಯ ಮರಗಳನ್ನು ಬೆಳೆಸಲು ಕಲಿಸುತ್ತಿದ್ದರು. ಊರ ಶಾಲೆಯಲ್ಲಿಯೂ ಓದುಬರಹದೊಡನೆ ಪ್ರಕೃತಿಪಾಠ ನಡೆಯುತ್ತಿತ್ತು. ಬಾಲಕನ ಪ್ರತಿಭೆಯನ್ನು ಕಂಡ ಶಾಲೆಯ ಉಪಾಧ್ಯಾಯರು ಅವನನ್ನು ಮುಂದೆ ಓದಿಸುವಂತೆ ತಂದೆತಾಯಿಗಳನ್ನು ಒತ್ತಾಯಿಸಿದರು.

ಅದು ಸುಲಭದ ನಿರ್ಧಾರವಾಗಿರಲಿಲ್ಲ. ಇದ್ದ ಒಬ್ಬನೇ ಮಗ ಓದಲು ಹೊರಟರೆ ಹೊಲವನ್ನು ನೋಡುವವರಾರು? ಆದರೂ 11 ವರ್ಷದ ಮಗನನ್ನು ಅವರು ಪರವೂರಿನ ಶಾಲೆಗೆ ಕಳುಹಿಸಿದರು. 1838ರಲ್ಲಿ ಮರದ ದಿಮ್ಮಿ ಉರುಳಿಬಿದ್ದು ತಂದೆ ತೀವ್ರವಾಗಿ ಗಾಯಗೊಂಡರು. ಮಗನು ಮನೆಪಾಠ ಹೇಳಿ, ಅರೆಹೊಟ್ಟೆ ಉಂಡು ಓದಿದನು, ಕಾಯಿಲೆಯಿಂದ ನರಳಿದನು. ಆಗ ತಂಗಿ ತೆರೆಸಿಯಾ ತನ್ನ ವಿವಾಹಕ್ಕೆಂದು ಮೀಸಲಾಗಿದ್ದ ಹಣದಲ್ಲಿ ಒಂದು ಭಾಗವನ್ನು ಅಣ್ಣನ ಓದಿಗಾಗಿ ಬಿಟ್ಟುಕೊಟ್ಟಳು. ಮುಂದೆ ಅವಳ ಮೂವರು ಗಂಡುಮಕ್ಕಳ ವಿದ್ಯಾಭ್ಯಾಸಕ್ಕೆ ನೆರವಾಗಿ ಮೆಂಡೆಲರು ಆ ಋಣವನ್ನು ತೀರಿಸಿದರು.

1843ರಲ್ಲಿ ಬ್ರನೊ ನಗರದ ಅಗಸ್ಟೀನಿಯನ್ ಮಠವನ್ನು ಸೇರಿ, ಗ್ರೆಗರ್ ಎಂಬ ಹೆಸರು ತಾಳಿ, 1847ರಲ್ಲಿ ಗುರುದೀಕ್ಷೆ ಪಡೆದರು. 1850ರಲ್ಲಿ ಅಧ್ಯಾಪಕರ ಅರ್ಹತಾ ಪರೀಕ್ಷೆಯಲ್ಲಿ ಅನುತ್ತೀರ್ಣರಾದರೂ ಮಠಾಧಿಪತಿ ನಾಪ್ ಅವರು ಕೈಬಿಡದೆ, ಹೆಚ್ಚಿನ ವ್ಯಾಸಂಗಕ್ಕೆ ವಿಯೆನ್ನಾ ವಿಶ್ವವಿದ್ಯಾನಿಲಯಕ್ಕೆ ಕಳುಹಿಸಿದರು.

1856ರಿಂದ 1863ರವರೆಗೆ ಮಠದ ತೋಟದಲ್ಲಿ ಸುಮಾರು 28,000 ಬಟಾಣಿ ಗಿಡಗಳನ್ನು ಬೆಳೆಸಿ, ಹೂವಿನಿಂದ ಹೂವಿಗೆ ಕೈಯಾರೆ ಪರಾಗವನ್ನು ಮುಟ್ಟಿಸಿ, ಪೀಳಿಗೆಗಳನ್ನು ಎಣಿಸಿದರು. ಎತ್ತರದ ಮತ್ತು ಗಿಡ್ಡ ತಳಿಗಳನ್ನು ಕೂಡಿಸಿದಾಗ ಮೊದಲ ಪೀಳಿಗೆಯೆಲ್ಲ ಎತ್ತರ. ಮರುಪೀಳಿಗೆಯಲ್ಲಿ ಮೂರು ಎತ್ತರದ ಗಿಡಗಳಿಗೆ ಒಂದರಂತೆ ಗಿಡ್ಡ ಗಿಡ ಮರಳಿ ಕಾಣಿಸಿತು. ಮರೆಯಾದ ಗುಣವು ಅಳಿದಿರಲಿಲ್ಲ. 1866ರಲ್ಲಿ ಪ್ರಕಟವಾದ ಈ ಸತ್ಯವನ್ನು ಲೋಕವು ಗಮನಿಸಲಿಲ್ಲ. 1884ರಲ್ಲಿ ಅವರು ನಿಧನರಾದರು. 1900ರಲ್ಲಿ ಮೂವರು ವಿಜ್ಞಾನಿಗಳು ಅದೇ ನಿಯಮಗಳನ್ನು ಕಂಡಾಗಲೇ ಮೆಂಡೆಲರ ಹಿರಿಮೆ ಬೆಳಕಿಗೆ ಬಂದಿತು.

ಬೆರಗೇ ತತ್ತ್ವಜ್ಞಾನದ ತಾಯಿಯೆಂದು ಪ್ರಾಚೀನ ಗ್ರೀಕರು ಅರಿತಿದ್ದರು. ಆ ಬೆರಗು ಮಗುವಿನಲ್ಲಿ ತಾನಾಗಿಯೇ ಮೂಡುತ್ತದೆ. ಉಳಿಯಬೇಕಾದರೆ ಹಿರಿಯರ ಆಸರೆ ಬೇಕು. ಒಬ್ಬ ತಂದೆ, ಒಬ್ಬ ಗುರು, ಒಬ್ಬ ಉಪಾಧ್ಯಾಯ, ಒಬ್ಬ ತಂಗಿ, ಒಬ್ಬ ಮಠಾಧಿಪತಿ: ಇವರಲ್ಲಿ ಒಬ್ಬರು ಹಿಂಜರಿದಿದ್ದರೂ ಆ ತೋಟದಲ್ಲಿ ಬಟಾಣಿಯ ಲೆಕ್ಕ ನಡೆಯುತ್ತಿರಲಿಲ್ಲವೇನೋ. ಮಣ್ಣಾದ ಕೈಗಳಿಂದ ಮನೆಗೆ ಬರುವ ನಮ್ಮ ಮಕ್ಕಳನ್ನು ಗದರುವ ಮೊದಲು, ಅವರು ಏನನ್ನು ಕಂಡುಬಂದರೆಂದು ಒಮ್ಮೆ ಕೇಳೋಣ.