ಗೋವೆಗೆ ಏಳು ಮಂದಿಯನ್ನು ಕಳಿಸಿದ ಅಬ್ಬಾಸ್

ಅಮಿತಾಭ್ ಬಚ್ಚನ್ ಮೊದಲು ಬಣ್ಣ ಹಚ್ಚಿದ ಸಿನಿಮಾ ಯಾವುದು ಅಂತ ಕೇಳಿದರೆ ‘ಸಾತ್ ಹಿಂದೂಸ್ತಾನಿ’ ಅಂತ ಸಿನಿಮಾ ಹುಚ್ಚಿನವರು ಥಟ್ಟನೆ ಹೇಳುತ್ತಾರೆ. ಆದರೆ ಅದು ನಮ್ಮ ಮಗ್ಗುಲಿನ ಗೋವೆಯ ಬಿಡುಗಡೆಯ ಕಥೆ ಎಂಬುದು, ಅದನ್ನು ಮಾಡಿದವರು ಖ್ವಾಜಾ ಅಹ್ಮದ್ ಅಬ್ಬಾಸ್ ಎಂಬುದು ಗಡಿಭಾಗದ ಎಷ್ಟು ಜನರಿಗೆ ನೆನಪಿದೆ?

ಅಬ್ಬಾಸ್ ಹುಟ್ಟಿದ್ದು 1914ರ ಜೂನ್ 7ರಂದು, ಪಾಣಿಪತ್‌ನಲ್ಲಿ. ಉರ್ದು ಕವಿ ಹಾಲಿಯವರ ಮರಿಮೊಮ್ಮಗ. ಅಲಿಗಢದಲ್ಲಿ ಕಾನೂನು ಓದಿದರೂ ಕರಿಕೋಟು ಹಾಕಲಿಲ್ಲ. ಮುಂಬಯಿಗೆ ಬಂದು ‘ಬಾಂಬೆ ಕ್ರಾನಿಕಲ್’ ಪತ್ರಿಕೆ ಸೇರಿದರು. ಅಲ್ಲಿ ಶುರುವಾದ ‘ಲಾಸ್ಟ್ ಪೇಜ್’ ಅಂಕಣ ಮುಂದೆ ‘ಬ್ಲಿಟ್ಸ್’ಗೆ ಹೋಗಿ, ಅವರ ಕೊನೆಗಾಲದವರೆಗೂ ನಡೆಯಿತು. 1946ರಲ್ಲಿ ಬಂಗಾಳದ ಬರಗಾಲದ ಮೇಲೆ ‘ಧರ್ತಿ ಕೆ ಲಾಲ್’ ತೆಗೆದರು. ರಾಜ್ ಕಪೂರ್‌ಗೆ ‘ಆವಾರಾ’, ‘ಶ್ರೀ 420’ ಬರೆದುಕೊಟ್ಟು ಹೆಸರು ಮಾಡಿದರು. ಹೀಗೆ ಬರೆದು ಗಳಿಸಿದ್ದನ್ನು ‘ನಯಾ ಸಂಸಾರ್’ ಎಂಬ ತಮ್ಮ ಸಂಸ್ಥೆಯ ಸಿನಿಮಾಗಳಿಗೆ ಸುರಿದರು. ಬಹಳಷ್ಟು ಓಡಲಿಲ್ಲ. ಅವರೂ ಬಿಡಲಿಲ್ಲ.

ಗೋವೆಯ ಕಡೆ ಅವರು ತಿರುಗಿದ್ದು 1969ರಲ್ಲಿ. ಅದರ ಹಿನ್ನೆಲೆ ನಮ್ಮ ಹಿರಿಯರಿಗೆ ಗೊತ್ತಿದ್ದದ್ದೇ. 1946ರ ಜೂನ್ 18ರಂದು ಮಡಗಾಂವಿನಲ್ಲಿ ಲೋಹಿಯಾ ಪೋರ್ಚುಗೀಸರ ಕಾಯಿದೆ ಮುರಿದು ಸಭೆ ಮಾಡಿದರು. 1955ರಲ್ಲಿ ದೇಶದ ಮೂಲೆಮೂಲೆಯಿಂದ ಸತ್ಯಾಗ್ರಹಿಗಳು ಗಡಿ ದಾಟಿದರು. ಆ ಆಗಸ್ಟ್ 15ರ ಗೋಲಿಬಾರಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಕೊನೆಗೆ 1961ರ ಡಿಸೆಂಬರ್ 19ರಂದು ಗೋವೆ ಬಿಡುಗಡೆಯಾಯಿತು.

ಅಬ್ಬಾಸರ ಕಥೆಯಲ್ಲಿ ಗೋವೆಯ ಮರಿಯಾ ಎಂಬ ಹುಡುಗಿ, ಅವಳ ಜೊತೆಗೆ ಬೇರೆಬೇರೆ ಪ್ರಾಂತದ ಆರು ತರುಣರು. ಕೋಟೆಕೊತ್ತಲಗಳ ಮೇಲೆ ತಿರಂಗಾ ಹಾರಿಸುವುದೇ ಅವರ ಕೆಲಸ. ಪಾತ್ರ ಹಂಚುವಾಗ ಅಬ್ಬಾಸ್ ಬೇಕೆಂತಲೇ ಅದಲುಬದಲು ಮಾಡಿದರು. ಬಂಗಾಳದ ಉತ್ಪಲ್ ದತ್ತ ಪಂಜಾಬಿಯಾದರು, ಮಲಯಾಳದ ಮಧು ಬಂಗಾಳಿಯಾದರು, ಅಲಹಾಬಾದಿನ ಬಚ್ಚನ್ ಬಿಹಾರದ ಮುಸ್ಲಿಂ ಕವಿಯಾದರು. ಬಚ್ಚನ್‌ಗೆ ಇಡೀ ಸಿನಿಮಾಕ್ಕೆ ಕೊಟ್ಟದ್ದು 5,000 ರೂಪಾಯಿ. ಚಿತ್ರೀಕರಣ ನಡೆದದ್ದು ಗೋವೆಯಲ್ಲೇ.

ಆದರೆ ಸಿನಿಮಾದ ನಿಜವಾದ ಪ್ರಶ್ನೆ ಪೋರ್ಚುಗೀಸರದ್ದಲ್ಲ, ಅವರು ಹೋದ ಮೇಲಿನದು. ಹೆಗಲಿಗೆ ಹೆಗಲು ಕೊಟ್ಟವರು ಊರಿಗೆ ಮರಳಿ, ಭಾಷೆ, ಪ್ರಾಂತ, ಮತ ಅಂತ ಹಂಚಿಹೋಗುತ್ತಾರಲ್ಲ, ಯಾಕೆ? ಅಬ್ಬಾಸ್ ಇದನ್ನು ಗಾಳಿಯಲ್ಲಿ ಕೇಳಿದ್ದಲ್ಲ. 1965ರಲ್ಲಿ ಮದ್ರಾಸಿನಲ್ಲಿ ಹಿಂದಿ ವಿರೋಧಿ ಚಳವಳಿ ಭುಗಿಲೆದ್ದಿತ್ತು. 1967ರಲ್ಲಿ ಮಹಾಜನ ವರದಿ ಬಂದಿತ್ತು. 1969ರ ಫೆಬ್ರವರಿಯಲ್ಲಂತೂ ನಮ್ಮ ಬೆಳಗಾವಿಯ ಹೆಸರಲ್ಲೇ ಮುಂಬಯಿ ಹೊತ್ತಿ ಉರಿದಿತ್ತು. ಅದೇ ಊರಿನಲ್ಲಿದ್ದ ಅಬ್ಬಾಸ್ ಅದೇ ನವೆಂಬರಿನಲ್ಲಿ ಈ ಸಿನಿಮಾ ತೆರೆಗೆ ತಂದರು. ರಾಷ್ಟ್ರೀಯ ಭಾವೈಕ್ಯದ ಪ್ರಶಸ್ತಿ ಬಂತು, ಕೈಫಿ ಆಜ್ಮಿಯವರ ಗೀತೆಗಳಿಗೂ ಪ್ರಶಸ್ತಿ ಬಂತು. ಥಿಯೇಟರಿಗೆ ಮಾತ್ರ ಜನ ಬರಲಿಲ್ಲ.

ನಮ್ಮ ಕಡೆಯವರಿಗೆ ಒಂದು ಕೊರಗು ಉಳಿಯುತ್ತದೆ. ಆ ಏಳು ಮಂದಿಯಲ್ಲಿ ಮರಾಠಿಗನಿದ್ದಾನೆ, ತಮಿಳನಿದ್ದಾನೆ, ಕನ್ನಡಿಗನಿಲ್ಲ. ನಿಜದ ಹೋರಾಟದಲ್ಲಿ ನರಗುಂದದ ಜಗನ್ನಾಥರಾವ್ ಜೋಶಿ ಸತ್ಯಾಗ್ರಹಿಗಳ ತಂಡ ಕಟ್ಟಿಕೊಂಡು ಹೋಗಿ ಗೋವೆಯ ಜೈಲು ಕಂಡರು. 1961ರಲ್ಲಿ ಸೈನ್ಯ ಹೊರಟದ್ದು ಬೆಳಗಾವಿಯಿಂದ. ನೌಕಾಪಡೆಯ ಯೋಧರು ಪ್ರಾಣ ಕೊಟ್ಟದ್ದು ಕಾರವಾರದ ಎದುರಿನ ಅಂಜದೀವ್ ನಡುಗಡ್ಡೆಯಲ್ಲಿ. ಇಷ್ಟಿದ್ದೂ ಕನ್ನಡಕ್ಕೆ ಒಂದು ಪಾತ್ರ ಸಿಗಲಿಲ್ಲ. ಆದರೆ ಅದಕ್ಕಾಗಿ ಅಬ್ಬಾಸರ ಮೇಲೆ ಮುನಿಸಿಕೊಂಡು ಕೂತರೆ, ಅವರು ಕೇಳಿದ ಪ್ರಶ್ನೆಗೆ ನಾವೇ ಸಾಕ್ಷಿಯಾದಂತೆ.

1987ರ ಜೂನ್ 1ರಂದು ಅಬ್ಬಾಸ್ ಮುಂಬಯಿಯಲ್ಲಿ ತೀರಿಕೊಂಡರು. ದುಡ್ಡು ಕೂಡಿಡಲಿಲ್ಲ, ಎಪ್ಪತ್ತರಷ್ಟು ಪುಸ್ತಕ ಬಿಟ್ಟುಹೋದರು. ಬೆಳಗಾವಿಯ ಅಂಗಡಿ ಬೋರ್ಡುಗಳ ಮೇಲೆ ಮಸಿ ಬಿದ್ದಾಗಲೆಲ್ಲ, ಬಸ್ಸುಗಳು ಗಡಿಯಲ್ಲೇ ನಿಂತಾಗಲೆಲ್ಲ, ಆ ಕಪ್ಪು-ಬಿಳುಪು ಸಿನಿಮಾವನ್ನು ಇಲ್ಲಿ ಇನ್ನೊಮ್ಮೆ ತೋರಿಸಬೇಕು ಅನಿಸುತ್ತದೆ.