ಕೀರ್ತಿಶೇಷ ವೈನು ಬಾಪು

ನಕ್ಷತ್ರದ ಬೆಳಕನ್ನು ಬಿಡಿಸಿ ಓದುವ ವಿದ್ಯೆಯನ್ನು ನಮ್ಮ ನೆರೆಯಲ್ಲಿಯೇ ನೆಲೆಗೊಳಿಸಿದ ಮಹನೀಯರು ಎಂ. ಕೆ. ವೈನು ಬಾಪು. ಅವರು 1927ರಲ್ಲಿ ಮದರಾಸಿನಲ್ಲಿ ಜನಿಸಿದರು. ತಂದೆಯವರು ಹೈದರಾಬಾದಿನ ನಿಜಾಮಿಯಾ ವೇಧಶಾಲೆಯಲ್ಲಿದ್ದುದರಿಂದ ಬಾಲ್ಯದಲ್ಲಿಯೇ ದೂರದರ್ಶಕದ ಒಡನಾಟ ದೊರೆಯಿತು. 1949ರಲ್ಲಿ, ಹಾರ್ವರ್ಡಿನ ವಿದ್ಯಾರ್ಥಿಯಾಗಿದ್ದಾಗಲೇ, ಧೂಮಕೇತುವೊಂದನ್ನು ಕಂಡುಹಿಡಿದರು. ಕ್ಯಾಲ್ಸಿಯಂ ರೇಖೆಯ ಅಗಲದಿಂದ ನಕ್ಷತ್ರದ ನಿಜಪ್ರಭೆಯನ್ನು ಅಳೆಯಬಹುದೆಂದು 1957ರಲ್ಲಿ ವಿಲ್ಸನ್ನರೊಡನೆ ತೋರಿಸಿಕೊಟ್ಟರು.

ಅಮೆರಿಕದಲ್ಲಿಯೇ ಉಳಿಯಬಹುದಾಗಿತ್ತು, ಉಳಿಯಲಿಲ್ಲ. 1960ರಲ್ಲಿ ಕೊಡೈಕನಾಲ್ ವೇಧಶಾಲೆಯ ಹೊಣೆ ಹೊತ್ತು, ತಮಿಳುನಾಡಿನ ಜವ್ವಾದಿ ಬೆಟ್ಟಗಳ ಕಾವಲೂರನ್ನು ಆರಿಸಿ ಹೊಸ ವೇಧಶಾಲೆಯನ್ನು ಕಟ್ಟಿದರು. ಕಾವಲೂರಿನ ಅಕ್ಷಾಂಶ ರಾಮನಗರದ್ದಕ್ಕೆ ತೀರ ಸಮೀಪ. ಚನ್ನಪಟ್ಟಣ, ಕನಕಪುರ, ಮಾಗಡಿಗಳ ಮೇಲೆ ಹಾಯುವ ನಕ್ಷತ್ರಗಳೇ ಅಲ್ಲಿಯೂ ಹಾಯುತ್ತವೆ. ಅವರು ಸ್ಥಾಪಕ ನಿರ್ದೇಶಕರಾಗಿದ್ದ ಭಾರತೀಯ ಖಭೌತ ಸಂಸ್ಥೆ ಬೆಂಗಳೂರಿಗೆ ಬಂದು ನೆಲೆಸಿತು.

2.34 ಮೀಟರ್ ದರ್ಪಣದ ದೂರದರ್ಶಕವನ್ನು ಸ್ವದೇಶದಲ್ಲಿಯೇ ನಿರ್ಮಿಸಬೇಕೆಂಬುದು ಅವರ ಹಟ. ಆದರೆ 1982ರ ಆಗಸ್ಟ್ 19ರಂದು ಮ್ಯೂನಿಕ್ಕಿನಲ್ಲಿ ನಿಧನರಾದರು. 1986ರಲ್ಲಿ ಅದು ಅವರ ಹೆಸರನ್ನೇ ಹೊತ್ತು ಲೋಕಾರ್ಪಣೆಗೊಂಡಿತು. ಕನಸು ಕಂಡವರು ಅದರಲ್ಲಿ ಒಮ್ಮೆಯೂ ಆಕಾಶವನ್ನು ನೋಡಲಾಗದೆ ಹೋದುದು ವಿಧಿಯ ಕ್ರೌರ್ಯವಲ್ಲದೆ ಮತ್ತೇನು?

ಮರುವರ್ಷವೇ ದಕ್ಷಿಣ ದಿಗಂತದಲ್ಲಿ 1987ಎ ಎಂಬ ಮಹಾನವ್ಯ, ಅಂದರೆ ಸೂಪರ್‌ನೋವಾ, ಸಿಡಿಯಿತು. ಬರಿಯ ಹೊಳಪು ಸಿಡಿತದ ಜಾತಿಯನ್ನು ತಿಳಿಸದು, ರೋಹಿತವೇ ತಿಳಿಸಬೇಕು. ಜಲಜನಕದ ರೇಖೆಗಳಿದ್ದರೆ ಎರಡನೆಯ ಬಗೆ: ಬೃಹತ್ ನಕ್ಷತ್ರದ ಗರ್ಭ ಕುಸಿದುದರ ಫಲ. ಜಲಜನಕವಿಲ್ಲದೆ ಸಿಲಿಕಾನಿನ ಗುರುತು ಎದ್ದು ಕಂಡರೆ ಒಂದು-ಎ ಬಗೆ: ಶ್ವೇತಕುಬ್ಜದ ಸ್ಫೋಟ. 1987ಎ ಎರಡನೆಯ ಬಗೆಯದು. ಬಾಪು ಕಟ್ಟಿದ ಕಾವಲೂರಿನಿಂದಲೇ ಅದರ ರೋಹಿತವನ್ನು ದಾಖಲಿಸಲಾಯಿತು. ಇಂದು ಅದೇ ಸಂಸ್ಥೆಯವರು ಹೊಸಕೋಟೆಯಲ್ಲಿ ಕುಳಿತು, ಲಡಾಖಿನ ಹಾನ್ಲೆಯ ದೂರದರ್ಶಕವನ್ನು ಉಪಗ್ರಹದ ಮೂಲಕ ನಡೆಸುತ್ತ, ಹೊಸ ಮಹಾನವ್ಯಗಳ ಬಗೆಯನ್ನು ನಿರ್ಣಯಿಸುತ್ತಿದ್ದಾರೆ.