ಪರ್ಸಿ ಲೇನ್ ಆಲಿವರ್

ಪರ್ಸಿ ಲೇನ್ ಆಲಿವರ್ (ಜನನ: 11 ಏಪ್ರಿಲ್ 1878, ಮರಣ: 16 ಏಪ್ರಿಲ್ 1944) ಇಂಗ್ಲೆಂಡಿನ ಸಮಾಜಸೇವಕರು. ಯಾವ ಪ್ರತಿಫಲವನ್ನೂ ಬಯಸದೆ ರಕ್ತ ಕೊಡಲು ಒಪ್ಪಿದ ನಾಗರಿಕರ ಪಟ್ಟಿಯೊಂದನ್ನು ಸಿದ್ಧಪಡಿಸಿ, ಆಸ್ಪತ್ರೆಗಳು ಕೇಳಿದಾಗ ಅವರನ್ನು ಕಳುಹಿಸಿಕೊಡುವ ವ್ಯವಸ್ಥೆಯನ್ನು 1921ರಲ್ಲಿ ಲಂಡನ್ ನಗರದಲ್ಲಿ ಆರಂಭಿಸಿದರು. ಇದನ್ನು ಸಾಮಾನ್ಯವಾಗಿ ಜಗತ್ತಿನ ಮೊದಲ ಸ್ವಯಂಪ್ರೇರಿತ ರಕ್ತದಾನ ಸೇವೆಯೆಂದು ಪರಿಗಣಿಸಲಾಗುತ್ತದೆ. ಆಲಿವರ್ ಅವರು ವೈದ್ಯರೂ ಅಲ್ಲ, ವಿಜ್ಞಾನಿಯೂ ಅಲ್ಲ; ಪುರಸಭೆಯ ನೌಕರರು. ರಕ್ತ ಕೊಡುವ ಮನಸ್ಸುಳ್ಳವರನ್ನು ಹಿಂಜರಿಯುವಂತೆ ಮಾಡುವ ಸಣ್ಣಪುಟ್ಟ ಅಡಚಣೆಗಳನ್ನು ಗುರುತಿಸಿ, ಅವುಗಳನ್ನು ಒಂದೊಂದಾಗಿ ನಿವಾರಿಸಲು ಶ್ರಮಿಸಿದ್ದು ಇವರ ಮುಖ್ಯ ಸಾಧನೆ.

ಬಾಲ್ಯ ಮತ್ತು ಉದ್ಯೋಗ

ಆಲಿವರ್ ಅವರು ಇಂಗ್ಲೆಂಡಿನ ನೈಋತ್ಯ ತುದಿಯಲ್ಲಿರುವ ಕಾರ್ನ್‌ವಾಲ್ ಪ್ರಾಂತ್ಯದ ಸೇಂಟ್ ಐವ್ಸ್ ಎಂಬ ಮೀನುಗಾರರ ಊರಿನಲ್ಲಿ ಜನಿಸಿದರು. ಅವರು ಬಾಲಕರಾಗಿದ್ದಾಗಲೇ ಕುಟುಂಬವು ಲಂಡನ್ನಿನ ಪಶ್ಚಿಮಕ್ಕಿರುವ ಮೇಡನ್‌ಹೆಡ್ ಪಟ್ಟಣಕ್ಕೆ ಬಂದು ನೆಲೆಸಿತು. ಸರ್ಕಾರಿ ಸೇವೆಯ ಪ್ರವೇಶ ಪರೀಕ್ಷೆಯಲ್ಲಿ ಉತ್ತಮ ಅಂಕಗಳಿಂದ ತೇರ್ಗಡೆಯಾದರೂ ದೇಹಾರೋಗ್ಯದ ಕಾರಣದಿಂದ ಅವರನ್ನು ತೆಗೆದುಕೊಳ್ಳಲಿಲ್ಲ. ಮುಂದೆ ಸಾವಿರಾರು ಜನರ ಆರೋಗ್ಯವನ್ನು ಪರೀಕ್ಷೆ ಮಾಡಿಸಿ ಪಟ್ಟಿಗೆ ಸೇರಿಸಿಕೊಂಡ ವ್ಯಕ್ತಿ ಸ್ವತಃ ವೈದ್ಯಕೀಯ ಪರೀಕ್ಷೆಯಲ್ಲಿ ತಿರಸ್ಕೃತರಾಗಿದ್ದರೆಂಬುದು ಗಮನಾರ್ಹ. ಕೆಲಕಾಲ ಗ್ರಂಥಾಲಯದಲ್ಲಿ ಸಹಾಯಕರಾಗಿದ್ದು, 1901ರಲ್ಲಿ ದಕ್ಷಿಣ ಲಂಡನ್ನಿನ ಕ್ಯಾಂಬರ್‌ವೆಲ್ ಪುರಸಭೆಯ ಕಚೇರಿಯನ್ನು ಸೇರಿದರು. ಗ್ರಂಥಾಲಯದಲ್ಲಿಯೂ ಕಚೇರಿಯಲ್ಲಿಯೂ ರೂಢಿಯಾದ ಅಚ್ಚುಕಟ್ಟಾದ ದಾಖಲೆ ಇಡುವ ಅಭ್ಯಾಸವು ಅವರ ಮುಂದಿನ ಕಾರ್ಯಕ್ಕೆ ಬುನಾದಿಯಾಯಿತು ಎನ್ನಬಹುದು.

ರೆಡ್ ಕ್ರಾಸ್ ಸಂಸ್ಥೆಯ ಕ್ಯಾಂಬರ್‌ವೆಲ್ ಶಾಖೆಯಲ್ಲಿ ಅವರು ಗೌರವ ಕಾರ್ಯದರ್ಶಿಯಾಗಿ ದುಡಿದರು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ನಿರಾಶ್ರಿತರಿಗೆ ವಸತಿ ಮುಂತಾದ ನೆರವು ಒದಗಿಸುವ ಕೆಲಸದಲ್ಲಿ ಪತ್ನಿ ಎಥೆಲ್ ಅವರೊಡನೆ ತೊಡಗಿಕೊಂಡಿದ್ದರು. ಈ ಸೇವೆಗಾಗಿ 1918ರಲ್ಲಿ ಬ್ರಿಟಿಷ್ ಸರ್ಕಾರವು ಅವರಿಗೆ ಓ.ಬಿ.ಇ. ಗೌರವವನ್ನು ನೀಡಿತು.

ಅಂದಿನ ರಕ್ತಪೂರಣದ ಸ್ಥಿತಿ

ಆಲಿವರ್ ಅವರ ಕಾರ್ಯದ ಮಹತ್ವವನ್ನು ಅರಿಯಲು ಆ ಕಾಲದ ಸ್ಥಿತಿಯನ್ನು ತಿಳಿಯಬೇಕು. ಕಾರ್ಲ್ ಲ್ಯಾಂಡ್‌ಸ್ಟೈನರ್ ಅವರು 1901ರಲ್ಲಿ ರಕ್ತದ ಗುಂಪುಗಳನ್ನು ಕಂಡುಹಿಡಿದಿದ್ದರು. ರಕ್ತಕ್ಕೆ ಸೋಡಿಯಂ ಸಿಟ್ರೇಟ್ ಬೆರೆಸಿದರೆ ಅದು ಹೆಪ್ಪುಗಟ್ಟುವುದಿಲ್ಲವೆಂಬುದು 1914ರ ವೇಳೆಗೆ ತಿಳಿದುಬಂದಿತ್ತು. ಯುದ್ಧಭೂಮಿಯಲ್ಲಿ ಗಾಯಗೊಂಡ ಸೈನಿಕರಿಗೆ ರಕ್ತ ನೀಡಿ ಬದುಕಿಸಿದ ವೈದ್ಯರು ಯುದ್ಧ ಮುಗಿದ ಮೇಲೆ ಅದೇ ಚಿಕಿತ್ಸೆಯನ್ನು ನಗರದ ಆಸ್ಪತ್ರೆಗಳಿಗೆ ತಂದರು. ಆದರೆ ರಕ್ತವನ್ನು ಬಹಳ ದಿನ ಶೇಖರಿಸಿಡುವ ರಕ್ತನಿಧಿಗಳು ಆಗ ಇರಲಿಲ್ಲ. ರೋಗಿಗೆ ರಕ್ತ ಬೇಕಾದ ಗಳಿಗೆಯಲ್ಲಿ ದಾನಿಯನ್ನೇ ಆಸ್ಪತ್ರೆಗೆ ಕರೆತರಬೇಕಾಗಿತ್ತು.

ಈ ದಾನಿ ಎಲ್ಲಿಂದ ಬರಬೇಕು? ರೋಗಿಯ ಬಂಧುಗಳನ್ನು ಕೇಳುವುದು ವಾಡಿಕೆಯಾಗಿತ್ತು. ಬಂಧುಗಳ ರಕ್ತದ ಗುಂಪು ಹೊಂದದಿದ್ದರೆ ಆಸ್ಪತ್ರೆಯ ವಿದ್ಯಾರ್ಥಿಗಳೋ ಸಿಬ್ಬಂದಿಯೋ ಮುಂದೆ ಬರಬೇಕಾಗುತ್ತಿತ್ತು. ಅಮೆರಿಕದ ದೊಡ್ಡ ನಗರಗಳಲ್ಲಿ ಹಣಕ್ಕಾಗಿ ರಕ್ತ ಮಾರುವುದು ಒಂದು ವೃತ್ತಿಯಾಗಿಯೇ ಬೆಳೆದಿತ್ತು. ಹೊರಗಿನ ಒಬ್ಬ ಅಪರಿಚಿತನು ಮತ್ತೊಬ್ಬ ಅಪರಿಚಿತನಿಗೆ ಉಚಿತವಾಗಿ ರಕ್ತ ಕೊಡುವನೆಂಬ ಭರವಸೆಯ ಮೇಲೆ ಆಸ್ಪತ್ರೆ ನಡೆಸಬಹುದೆಂದು ಯಾರೂ ಭಾವಿಸಿರಲಿಲ್ಲ.

1921ರ ದೂರವಾಣಿ ಕರೆ

1921ರ ಅಕ್ಟೋಬರ್ ತಿಂಗಳಿನಲ್ಲಿ ಕ್ಯಾಂಬರ್‌ವೆಲ್ ಸಮೀಪದ ಕಿಂಗ್ಸ್ ಕಾಲೇಜು ಆಸ್ಪತ್ರೆಯಿಂದ ಆಲಿವರ್ ಅವರಿಗೆ ದೂರವಾಣಿ ಕರೆ ಬಂದಿತು. ತುರ್ತಾಗಿ ಒಬ್ಬ ರಕ್ತದಾನಿ ಬೇಕಾಗಿದ್ದು, ರೆಡ್ ಕ್ರಾಸ್ ಸದಸ್ಯರು ಯಾರಾದರೂ ಸಿದ್ಧರಿರುವರೇ ಎಂದು ಆಸ್ಪತ್ರೆಯವರು ವಿಚಾರಿಸಿದರು. ಆಲಿವರ್ ಅವರು ಕೆಲವು ಸಹೋದ್ಯೋಗಿಗಳೊಡನೆ ಕೂಡಲೇ ಆಸ್ಪತ್ರೆಗೆ ಹೋದರು. ಅವರಲ್ಲಿ ಲಿನ್‌ಸ್ಟೆಡ್ ಎಂಬ ದಾದಿಯ ರಕ್ತವು ರೋಗಿಗೆ ಹೊಂದಿಕೆಯಾಯಿತು. ಅವರೇ ರಕ್ತ ನೀಡಿದರು.

ಘಟನೆ ಇಲ್ಲಿಗೇ ಮುಗಿದಿದ್ದರೆ ಅದೊಂದು ಸತ್ಕಾರ್ಯವೆಂದು ಮರೆತುಹೋಗುತ್ತಿತ್ತು. ಆದರೆ ಆಲಿವರ್ ಅವರ ಗಮನ ಬೇರೊಂದು ವಿಷಯದತ್ತ ಹರಿಯಿತು. ಅಷ್ಟು ಜನ ಓಡೋಡಿ ಆಸ್ಪತ್ರೆಗೆ ಹೋಗಿ, ಅಲ್ಲಿ ಪರೀಕ್ಷೆಗೆ ಒಳಗಾಗಿ, ಒಬ್ಬರ ಹೊರತು ಉಳಿದವರು ಹಿಂದಿರುಗಬೇಕಾಯಿತು. ಅಮೂಲ್ಯವಾದ ಸಮಯ ಹುಡುಕಾಟದಲ್ಲಿಯೇ ಕಳೆಯಿತು. ರಕ್ತದ ಗುಂಪನ್ನು ಮೊದಲೇ ಪರೀಕ್ಷಿಸಿ ಬರೆದಿಟ್ಟಿದ್ದರೆ ಸರಿಯಾದ ಒಬ್ಬರನ್ನು ಮಾತ್ರ ಕರೆಯಬಹುದಾಗಿತ್ತು ಎಂಬ ಸರಳ ಯೋಚನೆಯಿಂದ ಮುಂದಿನ ವ್ಯವಸ್ಥೆ ಹುಟ್ಟಿತು. ಮೊದಲಿಗೆ ಪಟ್ಟಿಗೆ ಸೇರಿದವರು ಇಪ್ಪತ್ತರ ಆಸುಪಾಸಿನ ಸ್ವಯಂಸೇವಕರು ಮಾತ್ರ.

ಸೇವೆಯ ಕಾರ್ಯವಿಧಾನ

ಪಟ್ಟಿಗೆ ಸೇರಬಯಸುವವರ ದೇಹಪರೀಕ್ಷೆ ಮಾಡಿಸಿ, ರಕ್ತದ ಗುಂಪನ್ನು ಗುರುತಿಸಿ, ಸಿಫಿಲಿಸ್ ರೋಗ ಇಲ್ಲವೆಂಬುದನ್ನು ಖಚಿತಪಡಿಸಿಕೊಳ್ಳಲಾಗುತ್ತಿತ್ತು. ಬಳಿಕ ಪ್ರತಿಯೊಬ್ಬರ ಹೆಸರು, ವಿಳಾಸ, ದೂರವಾಣಿ ಸಂಖ್ಯೆ ಮತ್ತು ಗುಂಪನ್ನು ಕಾರ್ಡಿನಲ್ಲಿ ಬರೆದಿಡಲಾಗುತ್ತಿತ್ತು. (ಇಂದು ನಾವು ಎ, ಬಿ, ಎಬಿ, ಓ ಎಂದು ಕರೆಯುವ ಗುಂಪುಗಳನ್ನು ಆಗ ರೋಮನ್ ಅಂಕಿಗಳಿಂದ ಹೆಸರಿಸುವುದು ರೂಢಿಯಲ್ಲಿತ್ತು.) ಕಾರ್ಯಾಲಯವೆಂದರೆ ಆಲಿವರ್ ದಂಪತಿಗಳ ಮನೆಯೇ. ಹಗಲು ರಾತ್ರಿ ಎನ್ನದೆ ಆಸ್ಪತ್ರೆಗಳ ಕರೆ ಅಲ್ಲಿಗೆ ಬರುತ್ತಿತ್ತು. ಮನೆಯವರು ಕಾರ್ಡುಗಳನ್ನು ನೋಡಿ ತಕ್ಕ ದಾನಿಯನ್ನು ಆರಿಸಿ ಸುದ್ದಿ ಮುಟ್ಟಿಸುತ್ತಿದ್ದರು. ಗಂಡನು ಪುರಸಭೆಯ ಕೆಲಸಕ್ಕೆ ಹೋದ ವೇಳೆಯಲ್ಲಿ ಈ ಹೊಣೆ ಎಥೆಲ್ ಅವರ ಪಾಲಿಗೆ ಬರುತ್ತಿದ್ದುದು ಸಹಜ. ಈ ಸೇವೆಯ ಇತಿಹಾಸದಲ್ಲಿ ಅವರ ಹೆಸರಿಗೆ ಇನ್ನೂ ಹೆಚ್ಚಿನ ಸ್ಥಾನ ಸಲ್ಲಬೇಕಾಗಿದೆ.

ಆರಂಭದಲ್ಲಿ ವರ್ಷವೊಂದಕ್ಕೆ ಬೆರಳೆಣಿಕೆಯಷ್ಟು ಕರೆಗಳು ಬರುತ್ತಿದ್ದವು. 1925ರ ವೇಳೆಗೆ ಅವು ನಾಲ್ಕು ನೂರನ್ನು ದಾಟಿದವು. 1926ರಲ್ಲಿ ಬ್ರಿಟಿಷ್ ರೆಡ್ ಕ್ರಾಸ್ ಸಂಸ್ಥೆಯು ಈ ಸೇವೆಯನ್ನು ಅಧಿಕೃತವಾಗಿ ತನ್ನದಾಗಿಸಿಕೊಂಡಿತು. 1938ರ ಹೊತ್ತಿಗೆ ವಾರ್ಷಿಕ ಕರೆಗಳ ಸಂಖ್ಯೆ ಸುಮಾರು 6,000ಕ್ಕೆ ಏರಿತ್ತು.

ದಾನಿಗಳ ಅಡಚಣೆಗಳು

ಕರೆಗಳು ಹೆಚ್ಚಿದಂತೆ ದಾನಿಗಳೂ ಹೆಚ್ಚಬೇಕಾಗಿತ್ತು. ಜನರಲ್ಲಿ ಸದ್ಭಾವನೆಯ ಕೊರತೆ ಇರಲಿಲ್ಲ. ಅವರನ್ನು ತಡೆಯುತ್ತಿದ್ದ ಕಾರಣಗಳು ಬೇರೆಯೇ ಆಗಿದ್ದವು.

ಎಲ್ಲಕ್ಕಿಂತ ದೊಡ್ಡದು ನೋವು ಮತ್ತು ಗಾಯದ ಭಯ. ಅಂದು ಅನೇಕ ಶಸ್ತ್ರಚಿಕಿತ್ಸಕರು ದಾನಿಯ ಮೊಣಕೈಯ ಒಳಭಾಗದ ಚರ್ಮವನ್ನು ಕೊಯ್ದು, ಅಭಿಧಮನಿಯನ್ನು ಹೊರಗೆ ಕಾಣುವಂತೆ ಮಾಡಿ ರಕ್ತ ತೆಗೆಯುತ್ತಿದ್ದರು. ಇದರಿಂದ ಕೈಯಲ್ಲಿ ಕಲೆ ಉಳಿಯುತ್ತಿತ್ತು. ಒಮ್ಮೆ ಹೀಗೆ ಬಳಸಿದ ರಕ್ತನಾಳವು ಮತ್ತೆ ರಕ್ತ ತೆಗೆಯಲು ಉಪಯೋಗಕ್ಕೆ ಬಾರದೆ ಹೋಗುವ ಸಂಭವವಿತ್ತು. ಕೈಯಿಂದ ದುಡಿದು ಉಣ್ಣುವ ಕಾರ್ಮಿಕನಿಗೆ ಕೆಲವು ದಿನಗಳ ಮಟ್ಟಿಗೆ ಕೈ ನೋಯುವುದೆಂದರೆ ಕೂಲಿಗೆ ಪೆಟ್ಟು. ರೋಗಿಯ ಸಂಕಟದಲ್ಲಿ ಮಗ್ನನಾದ ವೈದ್ಯನಿಗೆ ಇದು ಅಲ್ಪ ವಿಷಯವಾಗಿ ತೋರಬಹುದು. ಆದರೆ ಒಮ್ಮೆ ಕೊಯ್ಸಿಕೊಂಡವನು ಎರಡನೆಯ ಬಾರಿ ಬರಲು ಹಿಂದೆಮುಂದೆ ನೋಡಿದರೆ ತಪ್ಪೇನು? ಅವನನ್ನು ಕಂಡ ನೆರೆಹೊರೆಯವರಂತೂ ಮೊದಲನೆಯ ಬಾರಿಗೂ ಬರುವಂತಿರಲಿಲ್ಲ. ಚರ್ಮದ ಮೂಲಕ ಸೂಜಿಯನ್ನು ಚುಚ್ಚಿಯೇ ರಕ್ತ ತೆಗೆಯಬೇಕು, ಕೊಯ್ಯುವ ಪದ್ಧತಿ ನಿಲ್ಲಬೇಕು ಎಂದು ಆಲಿವರ್ ಅವರು ಪಟ್ಟು ಹಿಡಿದರು. ವೈದ್ಯಕೀಯ ಪದವಿಯಿಲ್ಲದ ಪುರಸಭೆಯ ನೌಕರರೊಬ್ಬರು ಶಸ್ತ್ರಚಿಕಿತ್ಸಕರಿಗೆ ಹೀಗೆ ಷರತ್ತು ಹಾಕುವುದು ಅಂದಿನ ಸಮಾಜದಲ್ಲಿ ಸಾಮಾನ್ಯ ಸಂಗತಿಯಾಗಿರಲಿಲ್ಲ.

ಈ ವಿಷಯದಲ್ಲಿ ಅವರಿಗೆ ಬೆಂಬಲವಾಗಿ ನಿಂತವರು ಶಸ್ತ್ರಚಿಕಿತ್ಸಕ ಜೆಫ್ರಿ ಕೇನ್ಸ್. ಪ್ರಸಿದ್ಧ ಅರ್ಥಶಾಸ್ತ್ರಜ್ಞ ಜಾನ್ ಮೇನಾರ್ಡ್ ಕೇನ್ಸ್ ಅವರ ತಮ್ಮನಾದ ಇವರು ಯುದ್ಧಕಾಲದಲ್ಲಿ ಫ್ರಾನ್ಸಿನಲ್ಲಿ ರಕ್ತಪೂರಣದ ಅನುಭವ ಪಡೆದಿದ್ದು, 1922ರಲ್ಲಿ ಆ ವಿಷಯದ ಬಗ್ಗೆ ಗ್ರಂಥವನ್ನೂ ಪ್ರಕಟಿಸಿದ್ದರು. ಕೇನ್ಸ್ ಅವರು ಸೇವೆಯ ವೈದ್ಯಕೀಯ ಸಲಹೆಗಾರರಾದುದರಿಂದ ಆಲಿವರ್ ಅವರ ಬೇಡಿಕೆಗಳಿಗೆ ವೈದ್ಯರ ವಲಯದಲ್ಲಿ ತೂಕ ಬಂದಿತು.

ಎರಡನೆಯ ತೊಡಕು ಸಮಯದ್ದು. ರೋಗಿಯ ಸ್ಥಿತಿ ಗಡಿಯಾರ ನೋಡಿ ಕೆಡುವುದಿಲ್ಲ. ನಡುರಾತ್ರಿಯ ನಿದ್ದೆಯಿಂದ ಎದ್ದು ಹೋಗಬೇಕಾದೀತು. ಹಗಲಾದರೆ ಅಂಗಡಿಯನ್ನೋ ಕಾರ್ಖಾನೆಯನ್ನೋ ಬಿಟ್ಟು ಹೊರಡಬೇಕಾದೀತು. ಇಷ್ಟೆಲ್ಲ ಮಾಡಿ ಬಂದವರನ್ನು ಆಸ್ಪತ್ರೆಯಲ್ಲಿ ಗಂಟೆಗಟ್ಟಲೆ ಕಾಯಿಸಿದರೆ, ಬೇಕಿಲ್ಲವೆಂದು ಹಿಂದಕ್ಕೆ ಕಳುಹಿಸಿದರೆ, ಕೊಟ್ಟ ಮೇಲೆ ಒಂದು ಕೃತಜ್ಞತೆಯ ಮಾತೂ ಬಾರದಿದ್ದರೆ ಅವರು ಮತ್ತೆ ಬರುವುದು ಕಷ್ಟ. ದಾನಿಯು ಆಸ್ಪತ್ರೆಯ ಸೇವಕನಲ್ಲ, ಅತಿಥಿ ಎಂಬ ನಿಲುವನ್ನು ಆಲಿವರ್ ಅವರು ಕೊನೆಯವರೆಗೂ ಬಿಡಲಿಲ್ಲ. ದಾನಿಗಳಿಗೆ ತಕ್ಕ ಮರ್ಯಾದೆ ದೊರೆಯಬೇಕೆಂದು ಆಸ್ಪತ್ರೆಗಳೊಡನೆ ಅವರು ನಿಷ್ಠುರ ಕಟ್ಟಿಕೊಂಡದ್ದೂ ಉಂಟು.

ರಕ್ತ ಕೊಟ್ಟರೆ ದೇಹ ಶಾಶ್ವತವಾಗಿ ದುರ್ಬಲವಾಗುತ್ತದೆ ಎಂಬ ನಂಬಿಕೆ ಮೂರನೆಯದು. ಇದಕ್ಕೆ ಆಲಿವರ್ ಅವರು ಕಂಡುಕೊಂಡ ಉತ್ತರ ಉಪನ್ಯಾಸ. ಊರೂರು ತಿರುಗಿ, ಸಂಘ ಸಂಸ್ಥೆಗಳ ಸಭೆಗಳಲ್ಲಿ ಚಿತ್ರಗಳನ್ನು ತೋರಿಸಿ ವಿವರಿಸುತ್ತಿದ್ದರು. ಹತ್ತಾರು ಬಾರಿ ರಕ್ತ ಕೊಟ್ಟೂ ಗಟ್ಟಿಮುಟ್ಟಾಗಿರುವ ದಾನಿಯೊಬ್ಬನು ಎದುರಿಗೆ ನಿಂತರೆ ಅದಕ್ಕಿಂತ ದೊಡ್ಡ ಸಾಕ್ಷ್ಯ ಬೇಕಿಲ್ಲ. ರೋವರ್ ಸ್ಕೌಟ್ ದಳದ ತರುಣರು ಅಧಿಕ ಸಂಖ್ಯೆಯಲ್ಲಿ ಈ ಸೇವೆಗೆ ಸೇರಿದರು. 1932ರಲ್ಲಿ ದಾನಿಗಳದೇ ಆದ ಸಂಘವೂ ಸ್ಥಾಪನೆಯಾಯಿತು.

ಹಣದ ವಿಷಯದಲ್ಲಿ ಅವರ ನಿಲುವು ಸ್ಪಷ್ಟವಾಗಿತ್ತು. ದಾನಿಗೆ ಹಣ ಕೊಡುವುದು ಅಡಚಣೆಗಳನ್ನು ನೀಗುವ ಸುಲಭೋಪಾಯವಾಗಿ ಕಾಣುತ್ತದೆ. ಅಮೆರಿಕದಲ್ಲಿ ಆಗಿದ್ದೂ ಅದೇ. ಆದರೆ ಹಣದ ಅಗತ್ಯವಿರುವವನು ತನ್ನ ಕಾಯಿಲೆಯನ್ನು ಮುಚ್ಚಿಡುವ, ಮಿತಿಮೀರಿ ರಕ್ತ ಮಾರುವ ಅಪಾಯವಿದೆ. ಹಣದ ಬದಲು ಅನುಕೂಲವನ್ನೂ ಗೌರವವನ್ನೂ ಒದಗಿಸಿದರೆ ಸಾಕಷ್ಟು ಜನ ಬರುತ್ತಾರೆಂಬುದನ್ನು ಲಂಡನ್ನಿನ ಅನುಭವ ತೋರಿಸಿಕೊಟ್ಟಿತು.

ಯುದ್ಧಕಾಲ ಮತ್ತು ನಿಧನ

ಆಲಿವರ್ ಅವರ ವ್ಯವಸ್ಥೆಗೆ ಒಂದು ಮಿತಿಯಿತ್ತು. ಒಬ್ಬ ರೋಗಿಗೆ ಒಬ್ಬ ದಾನಿಯನ್ನು ಕರೆಸುವ ಪದ್ಧತಿಯು ಒಂದೇ ರಾತ್ರಿ ನೂರಾರು ಜನ ಗಾಯಗೊಳ್ಳುವ ವಾಯುದಾಳಿಯ ಕಾಲಕ್ಕೆ ಸಾಲುವಂತಿರಲಿಲ್ಲ. ಅಷ್ಟರಲ್ಲಿ ರಕ್ತವನ್ನು ಶೀತಲ ಪೆಟ್ಟಿಗೆಯಲ್ಲಿ ಶೇಖರಿಸುವ ವಿಧಾನ ಬಳಕೆಗೆ ಬಂದಿತ್ತು. ಸ್ಪೇನಿನ ಅಂತರ್ಯುದ್ಧದಲ್ಲಿ ಬಾರ್ಸಿಲೋನಾ ನಗರದಲ್ಲಿ ಇದು ಯಶಸ್ವಿಯಾಯಿತು. ಅಮೆರಿಕದ ಷಿಕಾಗೋ ನಗರದಲ್ಲಿ 1937ರಲ್ಲಿ ಬರ್ನಾರ್ಡ್ ಫ್ಯಾಂಟಸ್ ಅವರು ಆಸ್ಪತ್ರೆಯ ರಕ್ತನಿಧಿಯನ್ನು ಆರಂಭಿಸಿದರು. 1939ರಲ್ಲಿ ಯುದ್ಧ ಸನ್ನಿಹಿತವಾದಾಗ ಲಂಡನ್ನಿನ ಸುತ್ತ ಸ್ಲೌ, ಲೂಟನ್, ಸಟನ್ ಮತ್ತು ಮೇಡ್‌ಸ್ಟೋನ್ ಎಂಬ ನಾಲ್ಕು ಸ್ಥಳಗಳಲ್ಲಿ ರಕ್ತ ಸಂಗ್ರಹ ಕೇಂದ್ರಗಳು ತೆರೆದವು. ಸ್ಲೌ ಕೇಂದ್ರದ ಮುಖ್ಯಸ್ಥೆಯಾಗಿದ್ದ ವೈದ್ಯೆ ಜಾನೆಟ್ ವಾನ್ ಇದರಲ್ಲಿ ಪ್ರಮುಖ ಪಾತ್ರ ವಹಿಸಿದರು.

ನಡುರಾತ್ರಿಯ ಕರೆಯೆಂಬ ದೊಡ್ಡ ತೊಡಕನ್ನು ಹೀಗೆ ಕೊನೆಗಾಣಿಸಿದ್ದು ಶೈತ್ಯೀಕರಣವೇ ಹೊರತು ಆಲಿವರ್ ಅವರ ಕಾರ್ಡುಗಳಲ್ಲ. ದಾನಿಯು ತನಗೆ ಅನುಕೂಲವಾದ ದಿನ ಬಂದು ರಕ್ತ ಕೊಟ್ಟು ಹೋಗಬಹುದಾಯಿತು. ಆದರೂ ಹೊಸ ಕೇಂದ್ರಗಳು ಕರೆಕೊಟ್ಟಾಗ ಹಣ ಕೇಳದೆ ಸಾಲುಗಟ್ಟಿ ನಿಂತ ಜನರಿಗೆ ರಕ್ತದಾನವೆಂಬುದು ಹೊಸ ವಿಷಯವಾಗಿರಲಿಲ್ಲ. ಆ ಹಾದಿಯನ್ನು ಅದಕ್ಕೂ ಹದಿನೆಂಟು ವರ್ಷಗಳ ಹಿಂದಿನಿಂದಲೇ ಹದಗೊಳಿಸಿಟ್ಟವರು ಆಲಿವರ್.

ಯುದ್ಧ ಮುಗಿಯುವ ಮೊದಲೇ, 1944ರ ಏಪ್ರಿಲ್ 16ರಂದು, ತಮ್ಮ 66ನೆಯ ವಯಸ್ಸಿನಲ್ಲಿ ಅವರು ನಿಧನರಾದರು. 1946ರಲ್ಲಿ ಬ್ರಿಟನ್ನಿನ ರಾಷ್ಟ್ರೀಯ ರಕ್ತಪೂರಣ ಸೇವೆ ಸ್ಥಾಪನೆಯಾದುದನ್ನು ನೋಡಲು ಅವರು ಇರಲಿಲ್ಲ.

ಪ್ರಭಾವ

ಲಂಡನ್ನಿನ ಮಾದರಿಯು ಬೇಗನೆ ಇತರ ದೇಶಗಳ ಗಮನ ಸೆಳೆಯಿತು. 1929ರಲ್ಲಿ ಆಸ್ಟ್ರೇಲಿಯದ ವಿಕ್ಟೋರಿಯ ರಾಜ್ಯದಲ್ಲಿ ಲೂಸಿ ಬ್ರೈಸ್ ಎಂಬ ವೈದ್ಯೆಯ ನೇತೃತ್ವದಲ್ಲಿ ರೆಡ್ ಕ್ರಾಸ್ ರಕ್ತಪೂರಣ ಸೇವೆ ಆರಂಭವಾಯಿತು.

ಭಾರತದಲ್ಲಿ ಎರಡನೆಯ ಮಹಾಯುದ್ಧದ ಸಂದರ್ಭದಲ್ಲಿ, 1942ರಲ್ಲಿ, ಕಲ್ಕತ್ತೆಯಲ್ಲಿ ರಕ್ತನಿಧಿ ಸ್ಥಾಪಿತವಾಯಿತು. 1950ರ ದಶಕದಲ್ಲಿ ಮುಂಬಯಿಯಲ್ಲಿ ಲೀಲಾ ಮೂಳಗಾಂವ್ಕರ್ ಅವರು ಸ್ವಯಂಪ್ರೇರಿತ ರಕ್ತದಾನದ ಆಂದೋಲನವನ್ನು ಕೈಗೊಂಡರು. ಆದರೆ ಹಣಕ್ಕೆ ರಕ್ತ ಮಾರುವ ಪದ್ಧತಿ ನಮ್ಮಲ್ಲಿ ಬಹುಕಾಲ ಉಳಿದಿತ್ತು. ಸರ್ವೋಚ್ಚ ನ್ಯಾಯಾಲಯದ 1996ರ ತೀರ್ಪಿನ ಪರಿಣಾಮವಾಗಿ 1998ರ ಜನವರಿ 1ರಿಂದ ಅದಕ್ಕೆ ನಿಷೇಧ ಬಂದಿತು. ರೋಗಿಯ ಕಡೆಯವರೇ ಬದಲಿ ದಾನಿಗಳನ್ನು ಹುಡುಕಿ ತರುವ ಪದ್ಧತಿ, ಅಂದರೆ 1921ಕ್ಕೆ ಹಿಂದೆ ಲಂಡನ್ನಿನಲ್ಲಿದ್ದ ಸ್ಥಿತಿ, ಇಲ್ಲಿ ಇನ್ನೂ ಸಂಪೂರ್ಣವಾಗಿ ಮರೆಯಾಗಿಲ್ಲ.

ಸ್ಮರಣೆ

ವಿಶ್ವ ರಕ್ತದಾನಿಗಳ ದಿನವನ್ನು ಜೂನ್ 14ರಂದು, ಲ್ಯಾಂಡ್‌ಸ್ಟೈನರ್ ಅವರ ಜನ್ಮದಿನದಂದು ಆಚರಿಸಲಾಗುತ್ತದೆ. ಶಾಲಾ ಪಠ್ಯಗಳಲ್ಲಿಯೂ ಅವರ ಹೆಸರು ಬರುತ್ತದೆ. ಆಲಿವರ್ ಅವರ ಹೆಸರು ಕಾಣಸಿಗುವುದು ಅಪರೂಪ. ದಕ್ಷಿಣ ಲಂಡನ್ನಿನ ಪೆಕ್‌ಹ್ಯಾಮ್ ರೈ ಉದ್ಯಾನದ ಅಂಚಿನಲ್ಲಿರುವ ಕಾಲಿಟನ್ ರಸ್ತೆಯ 5ನೆಯ ಸಂಖ್ಯೆಯ ಮನೆಯ ಗೋಡೆಯ ಮೇಲೆ, ಅವರು ಅಲ್ಲಿ ವಾಸಿಸಿ ಕಾರ್ಯನಿರ್ವಹಿಸಿದರೆಂದು ತಿಳಿಸುವ ನೀಲಿ ಫಲಕವಿದೆ.